ಮೈದುನನ ಮದುವೆಯ ನೇಗಿಲು

ಪುಟ್ಟೇನಹಳ್ಳಿಯ ನಮ್ಮ ಅತ್ತೆಯ ಮನೆಯ ಹಿತ್ತಲಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಹಳೆಯ ಸಾಮಾನುಗಳಿದ್ದವು. ಒಂದು ಡಿಸ್ಕ್ ನೇಗಿಲು, ಒಂದು ಕಲ್ಟಿವೇಟರು, ಒಂದು ಟ್ರೈಲರು. ನಾನು ಜಯನಗರದಿಂದ ಸೊಸೆಯಾಗಿ ಆ ಮನೆಗೆ ಬಂದಾಗ ಟ್ರೈಲರೊಂದೇ ತನ್ನ ಕೆಲಸ ಮಾಡುತ್ತಿತ್ತು. ಉಳಿದ ಎರಡಕ್ಕೂ ಬೇರೆ ಉದ್ಯೋಗ ಸಿಕ್ಕಿತ್ತು. ಕಲ್ಟಿವೇಟರಿನ ಬಾಗಿದ ಹಲ್ಲುಗಳ ಮೇಲೆ ಬಾಡಿಗೆಯವರು ಒಗೆದ ಬಟ್ಟೆ ಹರವುತ್ತಿದ್ದರು. ನೇಗಿಲಿನ ಮೇಲೆ ಹೀರೆಬಳ್ಳಿ ಹಬ್ಬಿತ್ತು, ಅದರ ನೆರಳಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಡಿಸ್ಕ್ ಅಂದರೆ ಮಣ್ಣು ಕತ್ತರಿಸಿ ಮಗುಚುವ ದೊಡ್ಡ ಕಬ್ಬಿಣದ ತಟ್ಟೆ. ನೇಗಿಲಿಗೆ ಮೂರು ಇರಬೇಕಿತ್ತು, ಎರಡೇ ಇದ್ದವು. ಮೂರನೆಯದು ಬಚ್ಚಲುಮನೆಯ ಹಂಡೆಗೆ ಮುಚ್ಚಳವಾಗಿತ್ತು. ಹೊಸದಾಗಿ ಬಂದ ನಾನು ಮೊದಲ ದಿನ ಆ ಮುಚ್ಚಳ ಎತ್ತಲಾರದೆ ತಣ್ಣೀರಿನಲ್ಲೇ ಸ್ನಾನ ಮುಗಿಸಿ ಬಂದೆ. ಜಯನಗರದವರಿಗೆ ಬಿಸಿನೀರು ಸೇರುವುದಿಲ್ಲವಂತೆ ಎಂದು ಊರೆಲ್ಲ ಸುದ್ದಿಯಾಯಿತು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಅತ್ತೆಯ ಮನೆಯ ಹೊಲವೆಲ್ಲ ಆಗಲೇ ಜೆ.ಪಿ. ನಗರದ ಸೈಟುಗಳಾಗಿ ಕಲ್ಲು ನೆಟ್ಟಾಗಿತ್ತು. ಮಾವನವರು ತೀರಿಕೊಂಡಿದ್ದರು. ಮನೆಯ ಸುತ್ತ ಉಳಿದ ಜಾಗದಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಯಜಮಾನರು ಕಾರ್ಖಾನೆಗೆ ಹೋಗುತ್ತಿದ್ದರು. ನಾನು ಹತ್ತಿರದ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದೆ. ಮೈದುನನೊಬ್ಬ ಮಾತ್ರ ಟ್ರ್ಯಾಕ್ಟರ್ ಬಿಟ್ಟು ಕೆಳಗೆ ಇಳಿಯಲಿಲ್ಲ. ಉಳುವುದಕ್ಕೆ ಹೊಲವಿಲ್ಲವಲ್ಲ, ಟ್ರೈಲರು ಕಟ್ಟಿಕೊಂಡು ಮರಳು, ಇಟ್ಟಿಗೆ ಹೊಡೆಯುತ್ತಿದ್ದ. ಅವರದೇ ಹೊಲವಾಗಿದ್ದ ಜಾಗದಲ್ಲಿ ಏಳುತ್ತಿದ್ದ ಮನೆಗಳಿಗೂ ಅವನದೇ ಇಟ್ಟಿಗೆ. ಅದನ್ನು ಹೇಳಿಕೊಂಡು ಅತ್ತವನಲ್ಲ. "ಇಲ್ಲಿ ನಾವು ರಾಗಿ ಹಾಕ್ತಿದ್ವಿ, ಅವ್ರು ಬೆಡ್‌ರೂಮ್ ಹಾಕವ್ರೆ" ಎಂದು ನಗುತ್ತಿದ್ದ.

ಅವನಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತೋರಿಸಿದ ಹುಡುಗಿಯರಿಗೆಲ್ಲ ಒಂದೊಂದು ನೆಪ ಹೇಳುತ್ತಿದ್ದ. ಅತ್ತೆಗೆ ಅದೇ ಚಿಂತೆ. ನನಗೂ ಚಿಂತೆಯೇ, ಆದರೆ ಕಾರಣ ಬೇರೆ. ಅವನ ಡೀಸೆಲ್ ವಾಸನೆಯ ಬಟ್ಟೆಗಳನ್ನು ಒಗೆಯುವ ಸರದಿಯಲ್ಲಿ ನನ್ನ ಹೆಸರೂ ಇತ್ತು.

ಒಂದು ಸಲ ಅವರೆಕಾಯಿಯ ಕಾಲದಲ್ಲಿ ಬೇಗೂರಿನ ಆಚೆಯ ಒಂದು ಹಳ್ಳಿಗೆ ಇಟ್ಟಿಗೆ ಇಳಿಸಲು ಹೋದ. ಕೆರೆಯ ಪಕ್ಕದ ಕೆಸರಿನಲ್ಲಿ ಟ್ರೈಲರು ಹೂತುಕೊಂಡಿತು. ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹುಡುಗಿಯೊಬ್ಬಳು, "ಮುಂದಕ್ಕೆ ಎಳೀಬ್ಯಾಡಿ, ಹಿಂದಕ್ಕೆ ತಗೊಳ್ಳಿ" ಅಂದಳಂತೆ. ಹೆಣ್ಣುಮಗಳು ಹೇಳಿದ್ದನ್ನು ಕೇಳಿದರೆ ಡ್ರೈವರಿನ ಮರ್ಯಾದೆ ಏನಾಗಬೇಕು? ಮುಂದಕ್ಕೇ ಎಳೆದ. ಅಚ್ಚಿನವರೆಗೂ ಹೂತುಹೋಯಿತು. ಅವಳು ಮಡಿಲಲ್ಲಿದ್ದ ಅವರೆಕಾಯಿ ಚೆಲ್ಲುವ ಹಾಗೆ ನಕ್ಕಳಂತೆ. ಆಮೇಲೆ ಅವಳ ಅಪ್ಪನೇ ಎತ್ತು ತಂದು ಎಳೆಸಿಕೊಟ್ಟರಂತೆ. ಇಷ್ಟನ್ನೂ ಅವನೇ ನನಗೆ ಹೇಳಿದ, ಕೈಕಾಲಿನ ಕೆಸರನ್ನೂ ತೊಳೆಯದೆ.

"ಅತ್ತಿಗೆ, ಮದ್ವೆ ಅಂತ ಆದ್ರೆ ಅವ್ಳನ್ನೇ" ಅಂದ.

"ನಿನ್ನನ್ನು ನೋಡಿ ನಕ್ಕವಳು ಅವಳೊಬ್ಬಳೇ ಅಲ್ಲ, ನಾನೂ ದಿನಾ ನಗ್ತೀನಿ" ಅಂದೆ.

"ನೀವು ನಕ್ಕರೆ ಸಿಟ್ಟು ಬರ್ತೈತೆ. ಅವ್ಳು ನಕ್ಕಿದ್ದಕ್ಕೆ ಬರ್ಲಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಗಂಡಸರು ಹೇಳಲಾರರು ಎಂದು ನಾನು ಅತ್ತೆಗೆ ವರದಿ ಒಪ್ಪಿಸಿದೆ. ಅತ್ತೆ ಮಾರನೆಯ ದಿನವೇ ತಮ್ಮ ಅಣ್ಣನನ್ನು ಆ ಹಳ್ಳಿಗೆ ಕಳಿಸಿದರು. ಆತ ಹೋಗಿ ಬಂದು ಹೇಳಿದ್ದಿಷ್ಟು: ಹುಡುಗಿಯ ತಂದೆಗೆ ಒಂದೇ ಹಟ. ಬಾಡಿಗೆ ತಿನ್ನುವ ಮನೆಗೆ, ಮಣ್ಣು ಮುಟ್ಟದ ಮನೆಗೆ ಮಗಳನ್ನು ಕೊಡುವುದಿಲ್ಲ. ಬೇಸಾಯದ ಮನೆಯೇ ಆಗಬೇಕು.

"ನೀನೇನಂದೆ?" ಎಂದು ಅತ್ತೆ ಕೇಳಿದರು.

"ಬೇಸಾಯ ಇಲ್ದೇ ಏನು, ನೇಗಿಲು ಕಲ್ಟಿವೇಟರು ಎಲ್ಲಾ ಐತೆ ಅಂದೆ. ಸುಳ್ಳೇನ್ ಹೇಳ್ಲಿಲ್ವಲ್ಲ. ಯುಗಾದಿ ಕಳೆದು ಒಂದು ತಿಂಗ್ಳು ಬಿಟ್ಕೊಂಡು ಮನೆ ನೋಡೋಕೆ ಬರ್ತಾರಂತೆ."

ಮನೆ ನೋಡುವುದೆಂದರೆ ಹೆಣ್ಣಿನ ಕಡೆಯ ಹಿರಿಯರು ಬಂದು ಗಂಡಿನ ಮನೆ, ಹಿತ್ತಲು, ದನಕರು ನೋಡಿ ಹೋಗುವುದು. ಅತ್ತೆಯ ಕಡೆಯವರಲ್ಲಿ ಅದಕ್ಕೊಂದು ಕಟ್ಟುನಿಟ್ಟಿತ್ತು. ಬಂದವರಿಗೆ ಕಾಫಿ ಕೊಡಬಹುದು, ಬಾಳೆಹಣ್ಣು ಕೊಡಬಹುದು. ಊಟ ಮಾತ್ರ ಸಂಬಂಧ ಒಪ್ಪಿಗೆಯಾದರೆ ಮಾಡುತ್ತಾರೆ, ಇಲ್ಲದಿದ್ದರೆ ಎಲೆಯ ಮುಂದೆ ಕೂರುವುದಿಲ್ಲ. ಒಪ್ಪಿದೆವು, ಒಪ್ಪಲಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಂಡರೆ ಬೀಗರು, ಉಣ್ಣದೆ ಎದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಜಯನಗರದಲ್ಲಿ ಉಪ್ಪಿಟ್ಟು ತಿಂದು, ಪತ್ರ ಬರೆಯುತ್ತೇವೆ ಎಂದು ಹೇಳಿ ಹೋದವರು ಇವತ್ತಿಗೂ ಬರೆದಿಲ್ಲ. ಈ ಪದ್ಧತಿ ನನಗೆ ಎಷ್ಟೋ ವಾಸಿ ಅನ್ನಿಸಿತು.

ಅಂದೇ ಮೈದುನ ಹಿತ್ತಲಿಗೆ ಇಳಿದ. ಮೊದಲ ಜಗಳ ಹೀರೆಬಳ್ಳಿಯದು. ಬಾಡಿಗೆಯವರಲ್ಲಿ ಒಬ್ಬ ಆಂಟಿ ಅದನ್ನು ನೆಟ್ಟು ಸಾಕಿದವರು. "ಇನ್ನೂ ಕಾಯಿ ಬಿಡ್ತಿದೆ, ಹೆಂಗೆ ಕೀಳ್ತೀರಾ?" ಎಂದು ನೇಗಿಲಿನ ಮುಂದೆ ನಿಂತರು. ಮೈದುನನಿಗೆ ಹೆಂಗಸರ ಜೊತೆ ವಾದ ಬರುವುದಿಲ್ಲ. ಬಳ್ಳಿಯ ಒಂದೊಂದು ಎಳೆಯನ್ನೂ ಮುರಿಯದೆ ಬಿಡಿಸಿ, ಅವರ ಕಿಟಕಿಯ ಸರಳಿಗೆ ಹಬ್ಬಿಸಿಕೊಟ್ಟ. ಅದಕ್ಕೇ ಅವನಿಗೆ ಒಂದು ಪೂರ್ತಿ ದಿನ ಹಿಡಿಯಿತು. ಎರಡನೆಯ ಜಗಳ ಕೋಳಿಗಳದು, ಅವು ವಾದ ಮಾಡಲಿಲ್ಲ, ಕುಕ್ಕಿದವು. ಮೂರನೆಯದು ಅತ್ತೆಯದು. ಹಂಡೆಯ ಮುಚ್ಚಳ ಕೊಡುವುದಿಲ್ಲ ಅಂದರು.

"ಅದನ್ನ ಕೊಟ್ರೆ ನೀರಿಗೆ ಬೂದಿ ಬೀಳ್ತೈತೆ."

"ಅಮ್ಮ, ಸೊಸೆ ಬೇಕಾ, ಮುಚ್ಚಳ ಬೇಕಾ?"

ಅತ್ತೆ ಸ್ವಲ್ಪ ಯೋಚನೆಯನ್ನೇ ಮಾಡಿದರು. ಆಮೇಲೆ ಕೊಟ್ಟರು. ತಮಾಷೆಯೆಂದರೆ ಮೂರು ಡಿಸ್ಕುಗಳಲ್ಲಿ ಚೆನ್ನಾಗಿ ಉಳಿದದ್ದು ಅದೊಂದೇ. ವರ್ಷಗಟ್ಟಲೆ ಹೊಗೆ ಮಸಿ ಕುಡಿದು ಅದರ ಮೈಗೆ ತುಕ್ಕು ತಾಗಿರಲಿಲ್ಲ.

ಬಿಚ್ಚುವ ಕೆಲಸಕ್ಕೆ ನಾನೂ ಸೇರಿದೆ. ಶಾಲೆಯಿಂದ ಬಂದು ಸೀರೆಯ ಮೇಲೆ ಯಜಮಾನರ ಹಳೆಯ ಷರ್ಟು ತೊಟ್ಟು ಕೂರುತ್ತಿದ್ದೆ. ನಟ್ಟು, ಬೋಲ್ಟು ಒಂದೂ ಜಗ್ಗುತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಮನೆಯಲ್ಲಿ ಮಿಕ್ಕ ಯಾವುದೋ ಬಣ್ಣವನ್ನು ತುಕ್ಕಿನ ಮೇಲೆ, ಮಣ್ಣಿನ ಮೇಲೆ, ಗ್ರೀಸಿನ ಮೇಲೆ, ಒಂದು ಕಡೆ ಸತ್ತ ಜಿರಳೆಯ ಮೇಲೂ ಬಳಿದು ಬಿಟ್ಟಿದ್ದರು. ಕಿಟಕಿಗೆ ಬಳಿದ ಹಸಿರು, ತೊಟ್ಟಿಲಿಗೆ ಬಳಿದ ಗುಲಾಬಿ, ಗೇಟಿನ ಕಪ್ಪು. ಸೀಮೆಎಣ್ಣೆ ಸುರಿದು ನೆನೆಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಆಮೇಲೆ ಉಪ್ಪುಕಾಗದ ಹಿಡಿದು ತಿಕ್ಕಬೇಕಿತ್ತು. ಜಗ್ಗದ ಬೋಲ್ಟನ್ನು ಬಚ್ಚಲೊಲೆಯ ಕೆಂಡವಿಟ್ಟು ಕಾಯಿಸಿ ತಿರುಗಿಸುತ್ತಿದ್ದ. ಕೆಲವು ಮುರಿದೇ ಹೋದವು. ಅವುಗಳ ಜೊತೆಗಾರರನ್ನು ಹುಡುಕಿಕೊಂಡು ಮಡಿವಾಳದ ಗುಜರಿ ಅಂಗಡಿಗಳಿಗೆ ಅಲೆದ. ನನ್ನ ಉಗುರಿನ ಸಂದಿಯ ತುಕ್ಕು ನೋಡಿ ಒಂದನೇ ತರಗತಿಯ ಮಕ್ಕಳು, "ಮಿಸ್, ಮೆಹಂದಿನಾ?" ಎಂದು ಕೇಳಿದವು. ಹೌದು ಅಂದೆ.

ನೇಗಿಲಿನ ನೊಗದಂಥ ದಪ್ಪ ಕಬ್ಬಿಣದ ಮೇಲೆ ಉಬ್ಬಿದ ಅಕ್ಷರಗಳಿದ್ದವು. ಮಾವನವರು ಅದನ್ನು ತಂದ ದಿನದಿಂದ ಅತ್ತೆ ಅಲ್ಲಿಗೇ ಕುಂಕುಮ ಇಡುತ್ತಿದ್ದರು. ಅದು ಯಾವುದೋ ದೇವರ ಹೆಸರು, ಕಂಪನಿಯವರು ಒಳ್ಳೆಯದಾಗಲೆಂದು ಹಾಕಿರುತ್ತಾರೆ ಎಂದು ಅವರ ನಂಬಿಕೆ. ಬಣ್ಣದ ಪದರವೆಲ್ಲ ಕೆರೆದು ನಾನು ಓದಿದೆ. ಅದು ಬಿಡಿಭಾಗದ ನಂಬರು.

"ಅತ್ತೆ, ಇಷ್ಟು ವರ್ಷ ನೀವು ಪೂಜೆ ಮಾಡಿದ್ದು ನಂಬರಿಗೆ" ಅಂದೆ.

"ಇರ್ಲಿ ಬುಡು. ನಂಬರು ಚೆನ್ನಾಗಿ ನಡೀತಲ್ಲ" ಅಂದರು. ಸಂಜೆ ತೊಳೆದ ನಂಬರಿನ ಮೇಲೆ ಹೊಸದಾಗಿ ಕುಂಕುಮವೂ ಬಂತು.

ಬಣ್ಣದ ವಿಷಯದಲ್ಲಿ ಮನೆ ಇಬ್ಭಾಗವಾಯಿತು. ತಳದಲ್ಲಿ ಕಂಡದ್ದು ನೀಲಿ, ಹಾಗಾಗಿ ನೀಲಿಯೇ ಆಗಬೇಕೆಂದು ನಾನು. ಶುಭಕಾರ್ಯಕ್ಕೆ ಕೆಂಪೇ ಲಕ್ಷಣವೆಂದು ಅತ್ತೆ. ನಮ್ಮ ಯಜಮಾನರು ಇಬ್ಬರಿಗೂ ಹೌದು ಹೌದು ಎಂದು ಶಿಫ್ಟಿಗೆ ಹೊರಟುಹೋದರು. ಕೊನೆಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು ಒಣಗಿಸಿ, ನೇಗಿಲಿನ ಮೈಗೆ ಕೆಂಪು ಎನಾಮೆಲ್, ಹಿಂದಿನ ಸಣ್ಣ ಚಕ್ರಕ್ಕೆ ನೀಲಿ ಎಂದು ರಾಜಿಯಾಯಿತು. ಕಲ್ಟಿವೇಟರಿಗೂ ಟ್ರೈಲರಿಗೂ ಹಾಗೆಯೇ. ಟ್ರೈಲರಿನ ಹಲಗೆಯ ಬಣ್ಣ ಇನ್ನೂ ಹಸಿಯಿದ್ದಾಗ ಕೋಳಿಗಳು ತಮ್ಮ ಹಳೆಯ ಸಿಟ್ಟು ತೀರಿಸಿಕೊಂಡವು. ಅದರ ಮೇಲಿನ ಹೆಜ್ಜೆ ಗುರುತು ಕೊನೆಯವರೆಗೂ ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ಮೈದುನ ದೂರ ನಿಂತು ನೋಡಿದ. ನಾವೆಲ್ಲ ಹೊಗಳುತ್ತಿದ್ದೆವು. ಅವನ ಮುಖ ಮಾತ್ರ ಸಪ್ಪಗಿತ್ತು.

"ಡಿಸ್ಕು ನೋಡಿ ಅತ್ತಿಗೆ" ಅಂದ.

ತುಕ್ಕು ಉಜ್ಜಿ ತೆಗೆದ ಡಿಸ್ಕುಗಳು ಬೂದುಬಣ್ಣಕ್ಕೆ ಕಳೆಗುಂದಿ ಕೂತಿದ್ದವು. ಉಳುವ ಮನೆಯ ಡಿಸ್ಕಿಗೆ ಮಣ್ಣು ಉಜ್ಜಿ ಉಜ್ಜಿ ಮುಖ ಕಾಣುವಂಥ ಹೊಳಪು ಬಂದಿರುತ್ತದಂತೆ. ಉಪ್ಪುಕಾಗದದಿಂದ ಅದು ಬರುವುದಿಲ್ಲ. ಬಣ್ಣ ಬಳಿದರೋ, ಈ ನೇಗಿಲು ಮಣ್ಣನ್ನೇ ಕಂಡಿಲ್ಲವೆಂದು ತಮಟೆ ಬಾರಿಸಿ ಹೇಳಿದ ಹಾಗೆ. "ಆ ಯಪ್ಪ ಮನೆ ನೋಡಲ್ಲ, ಇದನ್ನೇ ನೋಡೋದು. ಮಣ್ಣಲ್ಲಿ ಓಡಿಸ್ದೆ ಹೊಳಪು ಬರಲ್ಲ. ಮಣ್ಣು ಎಲ್ಲಿಂದ ತರ್ಲಿ?" ಅಂದ.

ಯೋಚಿಸಿ ನೋಡಿದರೆ ಅದೊಂದು ದೊಡ್ಡ ಕಷ್ಟವೇ. ಎತ್ತ ನೋಡಿದರೂ ಸೈಟು, ಸೈಟಿಗೆ ನಾಲ್ಕು ಕಲ್ಲು, ಕಲ್ಲು ಅಲುಗಿದರೆ ಜಗಳ. ಬಾಳೆಕಾಯಿ ಬಜ್ಜಿ ಕರಿಯುತ್ತಾ ನನಗೆ ನಮ್ಮ ಶಾಲೆಯ ಮೈದಾನ ನೆನಪಾಯಿತು. ಅದು ಸಿಮೆಂಟಿನಷ್ಟು ಗಟ್ಟಿ. ಖೋಖೋ ಆಡಿ ಬಿದ್ದ ಮಕ್ಕಳ ಮಂಡಿಗೆ ಟಿಂಚರು ಹಚ್ಚಿ ಹಚ್ಚಿ ನಮ್ಮ ಹೆಡ್‌ಮಿಸ್ ಸೋತಿದ್ದರು. ಬೇಸಿಗೆ ರಜದಲ್ಲಿ ಅದನ್ನು ಅಗೆಸಿ ಸಡಿಲ ಮಾಡಿಸಬೇಕು ಎಂದು ವರ್ಷವರ್ಷವೂ ಹೇಳುತ್ತಿದ್ದರು. ಮಾರನೆಯ ದಿನ ಹೋಗಿ, ನಮ್ಮ ಮೈದುನ ಉತ್ತು, ಮಟ್ಟ ಮಾಡಿಕೊಡುತ್ತಾನೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದರು. ರಜ ಶುರುವಾದ ಕೂಡಲೇ ನಿಶ್ಚಿಂತೆಯಾಗಿ ಮೈಸೂರಿನ ತವರಿಗೆ ಹೋದರು.

ಮೊದಲ ಮಳೆ ಬಿದ್ದ ಮರುದಿನ ಮೈದುನ ನೇಗಿಲು ಕಟ್ಟಿಕೊಂಡು ಹೊರಟ. ಟ್ರ್ಯಾಕ್ಟರಿನ ಹಿಂದೆ ಅತ್ತೆ, ನಾನು, ಹೀರೆಬಳ್ಳಿಯ ಆಂಟಿ. ಗೇಟಿನೊಳಗೆ ನುಗ್ಗಿ ಡಿಸ್ಕು ಇಳಿಸಿದ. ನಾನು ಅದುವರೆಗೆ ಅವನು ಉತ್ತದ್ದನ್ನು ನೋಡಿರಲಿಲ್ಲ. ಇಟ್ಟಿಗೆ ಹೊಡೆಯುವಾಗ ಬೀದಿ ನಾಯಿಗಳ ಜೊತೆಯೂ ಜಗಳ ಕಾಯುವವನು ಅವತ್ತು ಒಂದು ಮಾತೂ ಆಡಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ಮಣ್ಣು ಮಗುಚುವುದನ್ನೇ ನೋಡುತ್ತಾ ಹೋದ. ಒಳಗಿನ ಕೆಂಪು ಮಣ್ಣು ಹೊರಗೆ ಬಿದ್ದಾಗ ಅತ್ತೆ ಒಂದು ಮುಷ್ಟಿ ಎತ್ತಿ ಮೂಸಿ ನೋಡಿದರು. ನನಗೆ ಯಾಕೋ ಅಳು ಬಂತು. ಮಣ್ಣಿನ ಜೊತೆಗೆ ಕಂಪಾಸಿನ ಮೊಳೆ, ಟಿಫಿನ್ ಡಬ್ಬಿಯ ಮುಚ್ಚಳ, ರಿಬ್ಬನ್ನು, ಲೆಕ್ಕವಿಲ್ಲದಷ್ಟು ಬಳಪಗಳು ಮೇಲೆ ಬಂದವು. ಆಮೇಲೆ ಕಲ್ಟಿವೇಟರು ಕಟ್ಟಿ ಹೆಂಟೆ ಒಡೆದ. ಡಿಸ್ಕನ್ನು ಚಿಂದಿಯಲ್ಲಿ ಒರೆಸಿ ನನಗೆ ತೋರಿಸಿದ. ನನ್ನ ಮುಖ, ಹಿಂದಿನ ಬಾವುಟದ ಕಂಬ, ಎರಡೂ ಅದರಲ್ಲಿ ಕಂಡವು.

ಮಟ್ಟ ಮಾಡುವ ಕೆಲಸ ಮಾರನೆಯ ದಿನಕ್ಕೆ ಇಟ್ಟುಕೊಂಡೆವು. ಬೆಳಿಗ್ಗೆ ಹೋಗಿ ನೋಡಿದರೆ ಅತ್ತೆ ನಮಗಿಂತ ಮೊದಲೇ ಅಲ್ಲಿದ್ದರು. ಮೊರ ಕಂಕುಳಲ್ಲಿಟ್ಟುಕೊಂಡು, ಸಾಲು ಹಿಡಿದು ಹೆಸರುಕಾಳು ಬಿತ್ತಿ ಮುಗಿಸಿದ್ದರು.

"ಅತ್ತೆ, ಇದು ಶಾಲೆ" ಅಂದೆ.

"ಗೊತ್ತು ಕಣಮ್ಮ. ಉತ್ತ ಭೂಮೀನ ಖಾಲಿ ಬಿಡಬಾರ್ದು. ಅದು ಕಾಯ್ತಾ ಇರ್ತೈತೆ."

"ಹೆಡ್‌ಮಿಸ್ಸಿಗೆ ಏನು ಹೇಳಲಿ?"

"ಕಾಳು ಬಂದ್ಮೇಲೆ ಕೋಸಂಬರಿ ಮಾಡಿ ಕೊಡು."

ಬಿತ್ತಿದ್ದನ್ನು ಮಟ್ಟ ಹೊಡೆದು ಮುಚ್ಚುವ ಧೈರ್ಯ ಮೈದುನನಿಗಿರಲಿಲ್ಲ. ನನಗೆ ಅತ್ತೆಯ ಎದುರು ವಾದಿಸುವ ಧೈರ್ಯವಿರಲಿಲ್ಲ. ಮಳೆಗೆ ಮಾತ್ರ ಎಲ್ಲ ಧೈರ್ಯವೂ ಇತ್ತು, ಆ ವರ್ಷ ಹದವಾಗಿ ಬಂತು. ಹುಡುಗಿಯ ಕಡೆಯವರು ಬರುವ ಹೊತ್ತಿಗೆ ಮೈದಾನದ ತುಂಬ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಹೆಸರಿನ ಗಿಡ ಹಸಿರಾಗಿ ನಿಂತಿತ್ತು.

ಅವರು ಒಂದು ಭಾನುವಾರ ಬಂದರು. ಹುಡುಗಿಯ ತಂದೆ, ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ, ಜೊತೆಗೆ ನಮ್ಮ ಅತ್ತೆಯ ಅಣ್ಣ. ತಂದೆ ಮಾತು ಕಡಿಮೆಯ ಮನುಷ್ಯ. ಮೈದುನ ಹೇಳಿದ್ದು ನಿಜ, ಆತ ಮನೆಯ ಒಳಗೆ ಇಣುಕಿಯೂ ನೋಡಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಹಿತ್ತಲಿಗೆ ನಡೆದರು. ನೇಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಡಿಸ್ಕನ್ನು ಅಂಗೈಯಿಂದ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗಿತು. ಅದರ ಒಳಮೈಯ ಹೊಳಪನ್ನು ಹೆಬ್ಬೆರಳಲ್ಲಿ ಸವರಿ, ತಲೆ ಆಡಿಸಿದರು. ಮೈದುನ ಬಾಗಿಲ ಮರೆಯಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಜ್ಜಿ ಟ್ರೈಲರಿನ ಮೇಲಿನ ಕೋಳಿ ಹೆಜ್ಜೆಗಳನ್ನು ನೋಡಿ, "ಇದ್ಯಾರು ರಂಗೋಲಿ ಬಿಟ್ಟೋರು?" ಎಂದು ನಕ್ಕರು. ಒಳಗೆ ಕೋಳಿಸಾರು, ಮುದ್ದೆ, ಒಬ್ಬಟ್ಟು ಎಲ್ಲ ತಯಾರಾಗಿತ್ತು. ಬಾಳೆಲೆ ತೊಳೆದು ಒರೆಸಿಟ್ಟಿದ್ದೆ. ಅತ್ತೆ ನನಗೆ ಕಣ್ಸನ್ನೆ ಮಾಡಿದರು, ಎಲೆ ಹಾಕು ಎಂದು.

ಅಷ್ಟರಲ್ಲಿ ಅಜ್ಜಿ, "ನೇಗಿಲು ನೋಡಿದ್ವಿ. ಹೊಲ ನೋಡೋದು ಬ್ಯಾಡ್ವಾ?" ಅಂದರು.

ಮೈದುನ ನನ್ನ ಮುಖ ನೋಡಿದ, ನಾನು ಎಲೆಯ ಮುಖ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಬನ್ನಿ, ಇಲ್ಲೇ ಐತೆ" ಅಂದರು.

ಶಾಲೆಯ ಹಿಂದಿನ ಸಣ್ಣ ಗೇಟಿನಿಂದ ಕರೆದುಕೊಂಡು ಹೋದರು. ಅತ್ತೆಗೆ ಅಷ್ಟಾದರೂ ಸಂಕೋಚವಿತ್ತು. ಹುಡುಗಿಯ ತಂದೆ ಬೆಳೆಯ ಅಂಚಿನಲ್ಲಿ ನಿಂತು ಸುತ್ತ ಕಣ್ಣಾಡಿಸಿದರು.

"ಹೊಲದ ಮಧ್ಯ ಆ ಕಂಬ ಯಾಕೆ?"

"ಹಕ್ಕಿ ಹೆದರ್ಸೋಕೆ. ಮೇಲೆ ಬಟ್ಟೆ ಕಟ್ತೀವಿ" ಅಂದರು ಅತ್ತೆ. ಅದರಲ್ಲೂ ಸುಳ್ಳೇನಿರಲಿಲ್ಲ, ವರ್ಷಕ್ಕೆ ಎರಡು ಸಲ ಕಟ್ಟುತ್ತಿದ್ದೆವು.

"ಆ ಕಟ್ಟಡ?"

"ಪಂಪ್‌ಸೆಟ್ ಮನೆ."

ಆತ ಆ ಕಡೆಗೆ ನಾಲ್ಕು ಹೆಜ್ಜೆ ನಡೆದು ಬಾಗಿಲ ಮೇಲೆ ಬರೆದದ್ದನ್ನು ನಿಧಾನವಾಗಿ ಓದಿದರು. "ಒಂದನೇ ತರಗತಿ. ಬಿ ವಿಭಾಗ."

ಅಜ್ಜಿ ಅಷ್ಟರಲ್ಲಿ ಗಿಡದ ಬುಡದಲ್ಲಿ ಕೂತು ಮಣ್ಣು ಕೆದಕುತ್ತಿದ್ದರು. ಒಂದು ಬಳಪದ ಚೂರು ಎತ್ತಿದರು, ಇನ್ನೊಂದು ಎತ್ತಿದರು. ಅಂಗೈ ತುಂಬ ಆದ ಮೇಲೆ ಅತ್ತೆಯತ್ತ ಚಾಚಿ, "ನಿಮ್ ಹೊಲದಾಗೆ ಬಳಪ ಬೆಳೀತೈತಾ?" ಎಂದು ಕೇಳಿದರು.

ಅತ್ತೆಯ ಬಾಯಲ್ಲಿ ಅದಕ್ಕೂ ಏನೋ ಉತ್ತರ ತಯಾರಾಗುತ್ತಿತ್ತು. ಮೈದುನ ಮುಂದೆ ಬಂದ.

"ಅಮ್ಮ, ಸಾಕು. ಅಜ್ಜಿ, ಇದು ನಮ್ಮ ಹೊಲ ಅಲ್ಲ, ಸ್ಕೂಲು. ನಮ್ ಹೊಲ ಎಲ್ಲಾ ಸೈಟಾಗೋಯ್ತು. ಡಿಸ್ಕಿಗೆ ಹೊಳಪು ಬರ್ಲಿ ಅಂತ ಇಲ್ಲಿ ಓಡಿಸ್ದೆ."

"ಉತ್ತಿದ್ದು ಯಾರು?"

"ನಾನು."

"ಬಿತ್ತಿದ್ದು?"

"ಅಮ್ಮ."

ಅಜ್ಜಿ ಬಳಪಗಳನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು ಎದ್ದರು. ತಂದೆ ಒಬ್ಬರೇ ಸಾಲಿನ ಉದ್ದಕ್ಕೂ ನಡೆದು ಹೋಗಿ, ಆ ತುದಿಯಲ್ಲಿ ನಿಂತು ತಿರುಗಿ ನೋಡಿ, ವಾಪಸು ಬಂದರು. "ಹೊತ್ತಾಯ್ತು, ಬರ್ತೀವಿ" ಅಂದರು. ಮನೆಯ ಮುಂದೆಯೇ ಹಾದುಹೋದರು, ಒಳಗೆ ಬರಲಿಲ್ಲ.

ಅತ್ತೆ ಒಲೆಯ ಮುಂದೆ ಕೂತುಬಿಟ್ಟರು. ಒಬ್ಬಟ್ಟೆಲ್ಲ ಬಾಡಿಗೆಯವರ ಪಾಲಾಯಿತು. ನಾನು ಎಲ್ಲರ ಮೇಲೂ ರೇಗಾಡಿದೆ. ಅತ್ತೆಯ ಅಣ್ಣನ ಮೇಲೆ, ಹುಡುಗಿಯ ತಂದೆಯ ಮೇಲೆ, ಬಳಪ ಕಳೆಯುವ ಮಕ್ಕಳ ಮೇಲೆ. ಮೈದುನನ ಮೇಲೆ ರೇಗಲು ಹೋದರೆ ಅವನು ಹಿತ್ತಲಿನಲ್ಲಿ ಹೊಂಗೆಎಣ್ಣೆಯ ಬಟ್ಟಲು ಇಟ್ಟುಕೊಂಡು ಡಿಸ್ಕಿಗೆ ಎಣ್ಣೆ ಸವರುತ್ತಿದ್ದ.

ಅದು ಅಂದಿಗೆ ನಿಲ್ಲಲಿಲ್ಲ. ಮಳೆ ಬಂದಾಗಲೆಲ್ಲ ಗೋಣಿತಾಟು ಹೊದಿಸುವುದು, ಬಿಟ್ಟ ಮೇಲೆ ಬಿಚ್ಚಿ ಒರೆಸುವುದು, ಮತ್ತೆ ಎಣ್ಣೆ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಇನ್ನು ಯಾರಿಗೆ ತೋರಿಸೋಕೆ ಇದೆಲ್ಲ?" ಅಂದೆ.

"ತೋರ್ಸೋಕಲ್ಲ ಅತ್ತಿಗೆ. ಒಂದು ಸಲ ಹೊಳಪು ಬಂದ್ಮ್ಯಾಲೆ, ತುಕ್ಕು ಹಿಡಿಯೋದನ್ನ ನೋಡೋಕಾಗಲ್ಲ."

ನಾನು ಬಟ್ಟಲಿಗೆ ಇನ್ನಷ್ಟು ಹೊಂಗೆಎಣ್ಣೆ ತರಲು ಒಳಗೆ ಬಂದೆ. ಅವನ ಅಪ್ಪನೂ ಹೀಗೆಯೇ ಸವರುತ್ತಿದ್ದರು ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳಿದರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೈದಾನ ನೋಡಿ ಹೆಡ್‌ಮಿಸ್ ಬಾಯಿಗೆ ಕೈ ಇಟ್ಟುಕೊಂಡರು. ನಾನು ನಮ್ಮ ಅತ್ತೆಯ ವಿವರಣೆಯನ್ನು ಅತ್ತೆಯ ಮಾತಿನಲ್ಲೇ ಒಪ್ಪಿಸಿದೆ, ಕೋಸಂಬರಿಯನ್ನೂ ಸೇರಿಸಿ. ಅವರು ಬೈದರು, ಬೈಯುತ್ತಲೇ ಬಗ್ಗಿ ಒಂದು ಹೂ ಮುಟ್ಟಿ ನೋಡಿದರು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಮಕ್ಕಳು ಗಿಡ ತುಳಿಯಬಾರದೆಂದು ಸಾಲಿನ ಸಂದಿಯಲ್ಲಿ ಒಬ್ಬೊಬ್ಬರಾಗಿ ಹೋಗಿ ನಿಂತರು. ನಮ್ಮ ಡ್ರಿಲ್ ಮೇಷ್ಟ್ರು ವರ್ಷಗಟ್ಟಲೆ ಪೀಪಿ ಊದಿದರೂ ಬಾರದ ನೇರ ಸಾಲು ಅಂದು ತಾನಾಗಿ ಬಂತು. ಅವರು ಪೀಪಿಯನ್ನು ಬಾಯಲ್ಲೇ ಇಟ್ಟುಕೊಂಡು, "ಮೇಡಂ, ಇದು ಹೀಗೇ ಇರ್ಲಿ" ಎಂದು ಬೇಡಿಕೊಂಡರು. ಕಾಯಿ ಬಲಿಯುವವರೆಗೆ ಇರಲಿ ಎಂದು ಹೆಡ್‌ಮಿಸ್ ಒಪ್ಪಿದರು.

ಅದೇ ತಿಂಗಳ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಹಿಂದಿನ ಗೇಟಿನ ಹತ್ತಿರ ಹುಡುಗಿಯ ತಂದೆ ನಿಂತಿದ್ದರು. ಒಬ್ಬರೇ ಬಂದಿದ್ದರು. ನಾನು ನನ್ನ ಮಕ್ಕಳನ್ನು ಅಲ್ಲೇ ಬಿಟ್ಟು ಓಡಿದೆ. ಯಾವ ಬೈಗುಳಕ್ಕೂ ಉತ್ತರ ಕೊಡಬೇಕೆಂದು ಸೊಂಟ ಕಟ್ಟಿಕೊಂಡೇ ಹೋದೆ.

"ಮನೆ ಕಡೆಯಿಂದ್ಲೇ ಬಂದೆ ಕಣಮ್ಮ. ಯಾರೂ ನೋಡ್ಲಿಲ್ಲ. ಹಿತ್ಲಿಗೆ ಹೋಗಿದ್ದೆ" ಅಂದರು.

"ಏನು ನೋಡೋಕೆ?" ಎಂದು ನಾನೂ ಖಾರವಾಗಿಯೇ ಕೇಳಿದೆ.

"ಡಿಸ್ಕು. ತುಕ್ಕು ಹಿಡ್ದಿರ್ತೈತೆ ಅಂದ್ಕೊಂಡಿದ್ದೆ. ತೋರ್ಸೋಕೆ ಮಾಡಿದ್ದಲ್ವಾ, ನಾವು ಬ್ಯಾಡ ಅಂತ ಹೋದ್ಮ್ಯಾಲೆ ಯಾರು ನೋಡ್ಕೊಂತಾರೆ ಅಂತ." ಅವರು ಹೆಬ್ಬೆರಳಿಗೆ ಅಂಟಿದ್ದ ಎಣ್ಣೆಯನ್ನು ನನಗೆ ತೋರಿಸಿದರು. "ಎಣ್ಣೆ ಸವ್ರಿ, ಗೋಣಿತಾಟು ಹೊದ್ಸವ್ನೆ."

ಅವರು ಬಗ್ಗಿ ಒಂದು ಹೆಸರುಕಾಯಿ ಕಿತ್ತು, ಉಗುರಲ್ಲಿ ಸೀಳಿ, ಕಾಳನ್ನು ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ ಸಾಲಿನ ಉದ್ದಕ್ಕೂ ನಿಂತಿದ್ದ ಮಕ್ಕಳನ್ನು ನೋಡಿದರು. ಮಕ್ಕಳೂ ಅವರನ್ನೇ ನೋಡುತ್ತಿದ್ದವು. ಆಮೇಲೆ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಗೆ ಇಟ್ಟರು. ಬಿಚ್ಚಿದರೆ ಆ ದಿನದ ಬಳಪದ ಚೂರುಗಳು, ತೊಳೆದು ಒರೆಸಿದ್ದವು.

"ನಮ್ಮಮ್ಮ ಕೊಟ್ಟು ಕಳ್ಸಿದ್ರು. ಸ್ಕೂಲಿನ ಸಾಮಾನು, ನಮ್ಮ ಮನೇಲಿ ಇರಬಾರ್ದಂತೆ. ನನ್ ಮಗ್ಳು ಅದನ್ನ ನೋಡಿದಾಗೆಲ್ಲಾ ನಗ್ತಾಳೆ. ಕೆಲ್ಸ ಸಾಗಲ್ಲ."

ನಾನು ಗಂಟನ್ನು ಮತ್ತೆ ಕಟ್ಟಿದೆ. ಅವರು ಹೆಗಲ ಮೇಲಿನ ಟವೆಲು ತೆಗೆದು ಕೈ ಒರೆಸಿಕೊಂಡರು. ಬಾವುಟದ ಕಂಬದ ಕಡೆಗೆ ನೋಡುತ್ತಾ, ಅದಕ್ಕೇ ಕೇಳುವ ಹಾಗೆ ಕೇಳಿದರು.

"ಮನೇಲಿ ಇವತ್ತು ಏನು ಅಡುಗೆ ಮಾಡಿದ್ದೀರಾ?"

ಅಂದು ಮನೆಯಲ್ಲಿ ಕೋಳಿಸಾರಿರಲಿಲ್ಲ, ಒಬ್ಬಟ್ಟಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮುದ್ದೆ, ಸೊಪ್ಪಿನ ಸಾರು" ಅಂದೆ.

"ಸಾಕು" ಅಂದರು.

ನಾನು ಒಂದನೇ ತರಗತಿ ಬಿ ವಿಭಾಗವನ್ನು ಡ್ರಿಲ್ ಮೇಷ್ಟ್ರ ಕೈಗೆ ಒಪ್ಪಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಳೆಲೆ ಕೊಯ್ಯಲು ಮನೆಗೆ ಓಡಿದೆ.